ಆಶೀರ್ವಾದ ಪಶುವಿಗೆ, ಹೊಣೆ ಒಡೆಯನಿಗೆ

ಸಾಕುಪ್ರಾಣಿಗಳನ್ನು ದೇವರ ಸನ್ನಿಧಿಗೆ ಕರೆತಂದು ಅವುಗಳ ಆರೋಗ್ಯ, ಆಯಸ್ಸಿಗಾಗಿ ಪ್ರಾರ್ಥಿಸುವ ಪದ್ಧತಿ ಕ್ರೈಸ್ತರಲ್ಲಿ ನೂರಾರು ವರ್ಷಗಳಿಂದ ನಡೆದುಬಂದಿದೆ. ಕ್ಯಾಥೊಲಿಕರಲ್ಲಿ ಗುರುಗಳು ಬೈಬಲಿನ ಒಂದು ಭಾಗ ಓದಿ, ಪ್ರಾರ್ಥನೆ ಹೇಳಿ, ದನ, ಕುದುರೆ, ಕುರಿ, ನಾಯಿಗಳ ಮೇಲೆ ತೀರ್ಥ ಚಿಮುಕಿಸುತ್ತಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ತೀರ್ಥದ ಬಳಕೆ ಇಲ್ಲ. ಓದು ಮತ್ತು ಪ್ರಾರ್ಥನೆಯಲ್ಲೇ ಕಾರ್ಯ ಮುಗಿಯುತ್ತದೆ. ಇಡೀ ವಿಧಿಗೆ ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಕಾಗದು.

ಇಲ್ಲಿ ಪ್ರಾಣಿಗೆ ಪೂಜೆ ಸಲ್ಲುವುದಿಲ್ಲ. ಸ್ತುತಿಯೆಲ್ಲ ಅದನ್ನು ಸೃಷ್ಟಿಸಿದ ದೇವರಿಗೆ. ಹಾಗೆಯೇ ಇದು ರೋಗ ಬಾರದಂತೆ ಕಟ್ಟುವ ತಾಯಿತವೂ ಅಲ್ಲ. ಪ್ರಾರ್ಥನೆಯ ಅರ್ಧ ಭಾಗ ಪ್ರಾಣಿಯ ಒಳಿತನ್ನು ಬೇಡಿದರೆ, ಇನ್ನರ್ಧ ಅದನ್ನು ಹಿಡಿದು ನಿಂತವನನ್ನು ಕುರಿತದ್ದು. ಈ ಜೀವ ನಿನ್ನದಲ್ಲ, ನಿನ್ನ ವಶಕ್ಕೆ ಕೊಟ್ಟಿರುವುದು. ಹೊಟ್ಟೆ ತುಂಬ ಮೇವು ಹಾಕು, ಶಕ್ತಿ ಮೀರಿ ದುಡಿಸಬೇಡ ಎಂಬುದು ಅದರ ತಾತ್ಪರ್ಯ. ಆಶೀರ್ವಾದ ಪಶುವಿನ ಮೇಲೆ ಬಿದ್ದರೂ ಅದರ ಭಾರ ಹೊರುವವನು ಒಡೆಯ.

ಈ ನಿಲುವಿನ ಬೇರು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಬೇಸಾಯ ಮತ್ತು ಪಶುಪಾಲನೆಯಿಂದ ಬದುಕುತ್ತಿದ್ದ ಜನರ ಕಾನೂನುಗಳು ಅಲ್ಲಿವೆ. ವಾರದ ಏಳನೆಯ ದಿನದ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರವಲ್ಲ. ಆಳುಗಳಿಗೂ ಎತ್ತಿಗೂ ಕತ್ತೆಗೂ ಸಲ್ಲಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಹಗೆಯವನ ಕತ್ತೆಯೇ ಹೊರೆಯ ಕೆಳಗೆ ಕುಸಿದು ಬಿದ್ದಿದ್ದರೂ ನೋಡಿಕೊಂಡು ಹೋಗದೆ ಕೈಗೊಟ್ಟು ಎಬ್ಬಿಸಬೇಕೆನ್ನುತ್ತದೆ ವಿಮೋಚನಕಾಂಡ. ದಾರಿಯಲ್ಲಿ ಹಕ್ಕಿಗೂಡು ಕಂಡರೆ ಮರಿಗಳ ಜೊತೆ ತಾಯಿಹಕ್ಕಿಯನ್ನೂ ಹಿಡಿಯುವಂತಿಲ್ಲ. ಊರಿಗೆ ಮುತ್ತಿಗೆ ಹಾಕಿದಾಗ ಹಣ್ಣಿನ ಮರ ಕಡಿಯುವಂತಿಲ್ಲ. ಏಳು ವರ್ಷಕ್ಕೊಮ್ಮೆ ಹೊಲವನ್ನು ಬೀಳು ಬಿಡಬೇಕು. ಅಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಬಿಟ್ಟದ್ದು ಕಾಡುಪ್ರಾಣಿಗಳಿಗೆ.

ಇವುಗಳಲ್ಲಿ ತುಮಕೂರು ಸೀಮೆಯ ರೈತನಿಗೆ ವಿವರಣೆಯೇ ಬೇಡವಾದ ನಿಯಮವೊಂದಿದೆ: ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು. ಗುಬ್ಬಿ, ಕುಣಿಗಲ್ ಕಡೆ ರಾಗಿ ಒಕ್ಕಣೆ ಎತ್ತುಗಳಿಂದಲೇ ನಡೆಯುತ್ತಿದ್ದ ಕಾಲದಲ್ಲಿ ಸಗಣಿ ಸಾರಿಸಿದ ಕಣದ ನಡುವೆ ಮೇಟಿ ನೆಟ್ಟು, ತೆನೆ ಹರಡಿ, ಅದರ ಮೇಲೆ ರೋಣಗಲ್ಲು ಎಳೆಸುತ್ತಿದ್ದರು. ಸುತ್ತು ಬರುವ ಎತ್ತು ಬಾಗಿ ಒಂದು ಬಾಯಿ ಹುಲ್ಲು-ತೆನೆ ಎಳೆದುಕೊಳ್ಳುವುದು ಸಹಜ. ಎಳೆ ಪೈರಿನ ಸಾಲಿನಲ್ಲಿ ಕುಂಟೆ ಹೊಡೆಯುವಾಗ ಬಾಯಿಗೆ ಕುಕ್ಕೆ ಹಾಕುವುದುಂಟು. ಅದು ಬೆಳೆ ಉಳಿಸಿಕೊಳ್ಳುವ ಉಪಾಯ. ಆದರೆ ರಾಶಿಯ ಮುಂದೆ, ತಾನೇ ದುಡಿದು ಬೆಳೆದ ಕಾಳಿನ ಮೇಲೆ ನಡೆಯುವಾಗ ಬಾಯಿ ಕಟ್ಟಿದರೆ ಅದು ಜಿಪುಣತನ. ದುಡಿದ ಪ್ರಾಣಿಗೆ ದುಡಿಮೆಯ ಫಲದಲ್ಲಿ ಪಾಲಿದೆ ಎಂಬುದನ್ನು ದಯೆಯ ಮಾತಾಗಿ ಬಿಡದೆ ಕಟ್ಟಳೆಯಾಗಿಯೇ ಬರೆದಿಟ್ಟದ್ದು ಈ ನಿಯಮದ ಹೆಚ್ಚುಗಾರಿಕೆ.

ಯೋನನ ಪುಸ್ತಕದ ಕೊನೆಯಲ್ಲಿ ದೇವರು ನಿನೆವೆ ಪಟ್ಟಣವನ್ನು ನಾಶ ಮಾಡದೆ ಬಿಡಲು ಕೊಡುವ ಕಾರಣವೂ ಇದೇ ದಾರಿಯದು. ಅಲ್ಲಿ 1,20,000ಕ್ಕೂ ಹೆಚ್ಚು ಜನರಿದ್ದಾರೆ, ಜೊತೆಗೆ ಬಹಳ ದನಗಳೂ ಇವೆ. ಊರನ್ನು ಉಳಿಸುವ ಲೆಕ್ಕದಲ್ಲಿ ದನಗಳೂ ಸೇರಿವೆ. ಹೊಸ ಒಡಂಬಡಿಕೆಯಲ್ಲಿ ಯೇಸು ಗುಬ್ಬಚ್ಚಿಯ ಉದಾಹರಣೆ ಕೊಡುತ್ತಾನೆ: ಪೇಟೆಯಲ್ಲಿ ಪುಡಿಗಾಸಿಗೆ ಮಾರಾಟವಾಗುವ ಆ ಹಕ್ಕಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ಮನುಷ್ಯರಷ್ಟೇ ಅಲ್ಲದೆ ಸೃಷ್ಟಿಯೆಲ್ಲವೂ ಬಿಡುಗಡೆಗಾಗಿ ಕಾದು ನರಳುತ್ತಿದೆ ಎನ್ನುತ್ತಾನೆ. ಪರಿಸರದ ಬಗ್ಗೆ ಇಂದು ಚರ್ಚುಗಳಲ್ಲಿ ನಡೆಯುವ ಬೋಧನೆಗೆ ಈ ಅಧ್ಯಾಯ ಮುಖ್ಯ ಆಧಾರ.

ಪ್ರಾಣಿಗಳ ಆಶೀರ್ವಾದ ಎರಡು ಹೆಸರುಗಳ ಸುತ್ತ ಹಬ್ಬವಾಗಿ ಬೆಳೆಯಿತು. ಮೊದಲನೆಯವನು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಸಂತ ಅಂತೋಣಿ. ಸಂಪ್ರದಾಯದ ಪ್ರಕಾರ ಅವನ ಕಾಲ ಕ್ರಿ.ಶ. 251ರಿಂದ 356. ಪ್ರಾಣಿಗಳೊಂದಿಗೆ ಅವನ ಹೆಸರು ಗಟ್ಟಿಯಾಗಿ ಸೇರಿದ್ದು ಸತ್ತ ಎಷ್ಟೋ ಶತಮಾನಗಳ ಮೇಲೆ. ಮಧ್ಯಯುಗದ ಯೂರೋಪಿನಲ್ಲಿ ರೈ ಧಾನ್ಯಕ್ಕೆ ತಗಲುವ ಶಿಲೀಂಧ್ರದಿಂದ ಕೈಕಾಲು ಉರಿದು ಕೊಳೆಯುವ ರೋಗ ಹರಡುತ್ತಿತ್ತು. ಜನ ಅದನ್ನು ಸಂತ ಅಂತೋಣಿಯ ಬೆಂಕಿ ಎಂದು ಕರೆದರು. ಅಂಥ ರೋಗಿಗಳ ಆರೈಕೆಗೆ 11ನೆಯ ಶತಮಾನದ ಕೊನೆಯಲ್ಲಿ ಅವನ ಹೆಸರಿನಲ್ಲೇ ಒಂದು ಸನ್ಯಾಸಿ ಸಂಘ ಹುಟ್ಟಿತು. ಸಂಘದವರು ಸಾಕಿದ ಹಂದಿಗಳು ಕೊರಳಿಗೆ ಗಂಟೆ ಕಟ್ಟಿಸಿಕೊಂಡು ಊರ ಬೀದಿಗಳಲ್ಲಿ ಮೇಯಬಹುದಿತ್ತು. ಅವುಗಳ ಕೊಬ್ಬು ಹುಣ್ಣಿಗೆ ಲೇಪವಾಗುತ್ತಿತ್ತು. ಹೀಗೆ ಸಂತನ ಚಿತ್ರದ ಪಕ್ಕದಲ್ಲಿ ಹಂದಿ ಬಂತು, ಕ್ರಮೇಣ ಅವನು ಸಾಕುಪ್ರಾಣಿಗಳೆಲ್ಲದರ ಪಾಲಕನಾದ. ಜನವರಿ 17 ಅವನ ಹಬ್ಬ. ಇಟಲಿ, ಸ್ಪೇನುಗಳಲ್ಲಿ ಈಗಲೂ ಅಂದು ಜನ ಕುದುರೆ, ಕತ್ತೆ, ನಾಯಿಗಳೊಂದಿಗೆ ಚರ್ಚಿನ ಬಾಗಿಲಿಗೆ ಬರುತ್ತಾರೆ.

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಗೆ ತುಮಕೂರು ಕಡೆಯಿಂದಲೂ ಹರಕೆ ಹೊತ್ತವರು ಹೋಗುವುದುಂಟು. ಅಲ್ಲಿಯ ಸಂತ ಅಂತೋಣಿ ಬೇರೆಯವನು: 1231ರಲ್ಲಿ ತೀರಿಕೊಂಡ ಪಾದುವಾದ ಅಂತೋಣಿ, ಹಬ್ಬ ಜೂನ್ 13. ಹೊಲ ಉಳುತ್ತಿದ್ದ ರೈತನಿಗೆ ಮಣ್ಣಿನೊಳಗೆ ಈ ಸಂತನ ಮರದ ಪ್ರತಿಮೆ ಸಿಕ್ಕಿತೆಂಬುದು ಆ ಕ್ಷೇತ್ರದ ಐತಿಹ್ಯ.

ಎರಡನೆಯ ಹೆಸರು ಅಸ್ಸಿಸಿಯ ಸಂತ ಫ್ರಾನ್ಸಿಸ್. ಬಟ್ಟೆ ವ್ಯಾಪಾರಿಯ ಮಗನಾಗಿದ್ದ ಇವನು ಆಸ್ತಿ ತೊರೆದು, ಬಡತನವನ್ನೇ ವ್ರತವಾಗಿ ಹಿಡಿದು, 1226ರಲ್ಲಿ ತೀರಿಕೊಂಡ. ಸೂರ್ಯ, ಚಂದ್ರ, ಗಾಳಿ, ನೀರುಗಳನ್ನು ಅಣ್ಣ, ಅಕ್ಕ ಎಂದು ಕರೆದು ಅವನು ರಚಿಸಿದ ಸ್ತುತಿಗೀತೆ ಇಟಾಲಿಯನ್ ಸಾಹಿತ್ಯದ ಮೊದಲ ಕೃತಿಗಳಲ್ಲಿ ಒಂದು. 1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ ಪೂಜೆ ಏರ್ಪಡಿಸಿದವನೂ ಇವನೇ. ಡಿಸೆಂಬರ್ ಬಂದಾಗ ತುಮಕೂರಿನ ಕ್ರೈಸ್ತ ಮನೆಗಳ ಮೂಲೆಯಲ್ಲಿ ಮಣ್ಣಿನ ದನ-ಕುರಿಗಳ ನಡುವೆ ಬಾಲಯೇಸುವನ್ನು ಮಲಗಿಸುವ ಗೋದಲಿ ಈ ಪರಂಪರೆಯದು. ಫ್ರಾನ್ಸಿಸನ ಹಬ್ಬ ಅಕ್ಟೋಬರ್ 4. ಜಗತ್ತಿನ ದೊಡ್ಡ ನಗರಗಳಲ್ಲಿ ಸಾಕುನಾಯಿ, ಬೆಕ್ಕುಗಳ ಆಶೀರ್ವಾದ ಹೆಚ್ಚಾಗಿ ನಡೆಯುವುದು ಈ ದಿನ ಇಲ್ಲವೆ ಹತ್ತಿರದ ಭಾನುವಾರ.

ರೋಮ್‌ನ ಚರ್ಚು ಇಂಥ ಪ್ರಾರ್ಥನೆಗಳನ್ನು ಪುಸ್ತಕದಲ್ಲೂ ಸೇರಿಸಿತು. 1614ರ ರೋಮನ್ ವಿಧಿಗ್ರಂಥ ಮುಂದಿನ ಕಾಲದಲ್ಲಿ ಬೆಳೆಯುತ್ತ ಹೋದಂತೆ ಅದರಲ್ಲಿ ಕುದುರೆಗೆ, ಕಾಯಿಲೆ ಬಿದ್ದ ದನಕ್ಕೆ, ಕೊಟ್ಟಿಗೆಗೆ, ಜೇನುಹುಳುವಿಗೆ, ರೇಷ್ಮೆಹುಳುವಿಗೂ ಬೇರೆಬೇರೆ ಪ್ರಾರ್ಥನೆಗಳು ಬಂದವು. ಒಂದೇ ಜ್ವರಕ್ಕೆ ಇಡೀ ಬೆಳೆ ಕೈಬಿಡುವ ರೇಷ್ಮೆ ಸಾಕಣೆಯ ಆತಂಕ ಬಲ್ಲ ಕುಣಿಗಲ್ ಕಡೆಯ ಮನೆಗಳಿಗೆ ಈ ಕೊನೆಯದು ವಿಚಿತ್ರವಾಗಿ ತೋರದು. 1984ರಲ್ಲಿ ಹೊರಬಂದ ಪರಿಷ್ಕೃತ ಆಶೀರ್ವಾದಗಳ ಗ್ರಂಥದಲ್ಲೂ ಪ್ರಾಣಿಗಳಿಗೆ ಪ್ರತ್ಯೇಕ ವಿಧಿಯಿದೆ.

ಗುಬ್ಬಿ ಮತ್ತು ತುಮಕೂರಿಗೆ ಕ್ರೈಸ್ತ ಮತದ ಇನ್ನೊಂದು ಧಾರೆ ಬೇರೆ ದಾರಿಯಿಂದ ಬಂತು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿತು. ಥಾಮಸ್ ಹಾಡ್ಸನ್ ಅದಕ್ಕೆ ಅಡಿಪಾಯ ಹಾಕಿದವರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ ಕನ್ನಡ ಕಲಿತು, ಸಂತೆಗಳಲ್ಲಿ ಬೋಧಿಸಿ, ಆರೋಗ್ಯ ಕೆಟ್ಟು ಬೇಗನೆ ಹಿಂದಿರುಗಿದರು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಅವರು ಬರೆದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಹಾಡ್ಸನ್ ಕೂಡ 1877ರಲ್ಲಿ ಗುಬ್ಬಿ ಸುತ್ತಿನ ಕ್ರೈಸ್ತನೊಬ್ಬನ ಜೀವನಕಥೆಯ ಜೊತೆಗೆ ಈ ಭಾಗದ ಹಳ್ಳಿಬಾಳನ್ನು ವಿವರಿಸುವ ಪುಸ್ತಕ ಪ್ರಕಟಿಸಿದರು. ಗುಬ್ಬಿಯಿಂದ ಕೆಲಸ ತುಮಕೂರಿಗೂ ಹಬ್ಬಿತು.

ಈ ಮಿಷನ್ನಿಗೆ ಹೆಸರು ಕೊಟ್ಟ ಜಾನ್ ವೆಸ್ಲಿ (1703–1791) ಪ್ರಾಣಿಗಳ ವಿಷಯದಲ್ಲಿ ತನ್ನ ಕಾಲದವರಿಗಿಂತ ಮುಂದೆ ಹೋಗಿ ಯೋಚಿಸಿದವನು. ಬದುಕಿನ ಬಹುಪಾಲನ್ನು ಕುದುರೆಯ ಮೇಲೆ, ಊರೂರು ಸುತ್ತಿ ಬೋಧಿಸುತ್ತ ಕಳೆದ. ಕುದುರೆಯ ಮೇಲೆ ಕೂತೇ ಓದುತ್ತಿದ್ದ. 1770ರ ಮಾರ್ಚ್‌ನಲ್ಲಿ ಅವನು ದಿನಚರಿಯಲ್ಲಿ ಬರೆದಿಟ್ಟ ಅನುಭವ ಸವಾರರಿಗೆಲ್ಲ ಪಾಠದಂತಿದೆ: ಒಂದು ಲಕ್ಷ ಮೈಲಿಗೂ ಮೀರಿದ ಸವಾರಿಯಲ್ಲಿ ಲಗಾಮು ಬಿಗಿಯದೆ ಸಡಿಲ ಬಿಟ್ಟದ್ದರಿಂದ, ಎರಡು ಕುದುರೆಗಳ ಹೊರತು ಬೇರೆ ಯಾವುದೂ ಎಡವಿ ಬಿದ್ದದ್ದು ಅವನಿಗೆ ನೆನಪಿಲ್ಲ. 1780ರ ದಶಕದ ಆರಂಭದಲ್ಲಿ ಪ್ರಕಟವಾದ ಒಂದು ಪ್ರಸಂಗದಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಅದೇ 8ನೆಯ ಅಧ್ಯಾಯವನ್ನು ಹಿಡಿದು, ಕೊನೆಯ ಬಿಡುಗಡೆಯಲ್ಲಿ ಪ್ರಾಣಿಗಳಿಗೂ ಪಾಲಿದೆ, ಇಲ್ಲಿ ಪಟ್ಟ ಪಾಡಿಗೆ ಅಲ್ಲಿ ಪರಿಹಾರವಿದೆ ಎಂದು ವಾದಿಸಿದ. ದೇವರು ಇಷ್ಟು ಕನಿಕರ ತೋರುವ ಜೀವಗಳ ಮೇಲೆ ಮನುಷ್ಯ ಕ್ರೂರವಾಗಿ ನಡೆಯಬಹುದೇ ಎಂಬುದು ಆ ಪ್ರಸಂಗದ ತಿರುಳು. ಇಂಗ್ಲೆಂಡಿನಲ್ಲಿ ಪ್ರಾಣಿಹಿಂಸೆಯ ವಿರುದ್ಧ ಮೊದಲ ದೊಡ್ಡ ಸಂಘ ಹುಟ್ಟಿದ್ದು 1824ರಲ್ಲಿ. ಅದನ್ನು ಕಟ್ಟಿದ ಆರ್ಥರ್ ಬ್ರೂಮ್ ಒಬ್ಬ ಪಾದ್ರಿ. ಸಂಘದ ಸಾಲಕ್ಕಾಗಿ ಸೆರೆಮನೆಗೂ ಹೋದರು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದುಗೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ವೆಸ್ಲಿಯನ್ ಸಭೆಗಳೂ ಅದರಲ್ಲಿ ಸೇರಿದವು. ತುಮಕೂರು ಪ್ರದೇಶ ಇಂದು ಸಿ.ಎಸ್.ಐ. ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿದೆ. ಕ್ಯಾಥೊಲಿಕರ ಲೆಕ್ಕದಲ್ಲಿ ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರದ ಭಾಗ.

ಪ್ರಾಣಿಗಳಿಗೆಂದೇ ಮೀಸಲಾದ ದಿನಕ್ಕಿಂತ ಇಲ್ಲಿಯ ಸಿ.ಎಸ್.ಐ. ಸಭೆಗಳಿಗೆ ಹತ್ತಿರವಾದದ್ದು ಸುಗ್ಗಿ ಹಬ್ಬ. ಈಗಿನ ರೂಪದ ಸುಗ್ಗಿ ಹಬ್ಬವನ್ನು ಚರ್ಚಿನೊಳಗೆ ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್, 1843ರಲ್ಲಿ. ಆದರೆ ಕನ್ನಡ ನಾಡಿಗೆ ಬಂದ ಮೇಲೆ ಅದರ ಸರಂಜಾಮು ಪೂರ್ತಿ ಇಲ್ಲಿಯದೇ ಆಯಿತು. ಆರಾಧನೆಯ ಹೊತ್ತಿಗೆ ಪೀಠದ ಮುಂದೆ ತೆಂಗಿನಕಾಯಿ, ರಾಗಿ, ಹುರುಳಿ, ಅವರೆ, ಬಾಳೆಗೊನೆ, ಕುಂಬಳಕಾಯಿ ರಾಶಿ ಬೀಳುತ್ತವೆ. ಕಾಲು ಕಟ್ಟಿದ ನಾಟಿ ಕೋಳಿ ಪ್ರಸಂಗದ ನಡುವೆ ಒಮ್ಮೊಮ್ಮೆ ಕೂಗಿಬಿಡುತ್ತದೆ. ಮೇಕೆ ತಂದವರು ಅದನ್ನು ಹೊರಗೆ ಮರಕ್ಕೆ ಕಟ್ಟಿರುತ್ತಾರೆ. ಅಯ್ಯನವರು ಎಲ್ಲದಕ್ಕೂ ಸೇರಿಸಿ ಕೃತಜ್ಞತೆಯ ಪ್ರಾರ್ಥನೆ ಮಾಡಿದ ಮೇಲೆ ಅಂಗಳದಲ್ಲಿ ಹರಾಜು. ಕೂಗುವವನಿಗೆ ಮಾತಿನ ಚಟಾಕಿ ಬರಬೇಕು. ಒಂದು ಕುಂಬಳಕಾಯಿಯನ್ನು ಕೊಂಡವರು ಮತ್ತೆ ಸಭೆಗೇ ಕೊಟ್ಟು, ಅದು ಎರಡು ಮೂರು ಸಲ ಹರಾಜಾಗುವುದುಂಟು. ಬಂದ ಹಣ ಸಭೆಯ ಖರ್ಚಿಗೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪ್ರಾರ್ಥನೆ ಮಾಡಿಸಿಕೊಂಡ ಕೋಳಿ ಸಂಜೆಗೆ ಸಾರಾದರೆ ಆಶೀರ್ವಾದಕ್ಕೆ ಏನರ್ಥ? ಕ್ರೈಸ್ತ ಬೋಧನೆ ಮಾಂಸಾಹಾರವನ್ನು ನಿಷೇಧಿಸಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೂ ಪ್ರಾಣಿಗೂ ಸಸ್ಯವೇ ಆಹಾರ. ಮಾಂಸಕ್ಕೆ ಅನುಮತಿ ಸಿಗುವುದು ಜಲಪ್ರಳಯವಾದ ಮೇಲೆ, ಅದೂ ರಕ್ತವನ್ನು ತಿನ್ನಬಾರದೆಂಬ ಷರತ್ತಿನೊಂದಿಗೆ. ಪ್ರಳಯದ ನಂತರ ದೇವರು ಮಾಡಿಕೊಳ್ಳುವ ಒಡಂಬಡಿಕೆ ನೋಹನ ಜೊತೆಗಷ್ಟೇ ಅಲ್ಲ, ನಾವೆಯಿಂದ ಇಳಿದ ಪ್ರತಿಯೊಂದು ಜೀವಿಯ ಜೊತೆಗೂ. ಕೊಲ್ಲಲು ಅನುಮತಿಯಿದೆ, ಹಿಂಸಿಸಲು ಇಲ್ಲ. ತಲೆಕೆಳಗಾಗಿ ಸ್ಕೂಟರಿಗೆ ನೇತುಹಾಕಿ ಮೈಲಿಗಟ್ಟಲೆ ಒಯ್ಯುವ ಕೋಳಿ, ನಿಲ್ಲಲು ಜಾಗವಿಲ್ಲದಂತೆ ಲಾರಿಗೆ ತುಂಬುವ ದನ ಈ ಬೋಧನೆಯ ಅಳತೆಯಲ್ಲಿ ತಪ್ಪೇ. ಮಾಂಸವನ್ನೇ ಬಿಟ್ಟ ಕ್ರೈಸ್ತರೂ ಇದ್ದಾರೆ. ಅದು ಅವರವರ ನಿರ್ಧಾರ.

ನೆರೆಹೊರೆಯ ಆಚರಣೆಗಳಿಂದ ದೂರ ನಿಂತು ಈ ಪದ್ಧತಿಯನ್ನು ನೋಡಲಾಗದು. ಸಂಕ್ರಾಂತಿಯ ದಿನ ಹಳೆ ಮೈಸೂರು ಸೀಮೆಯಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂ ಕಟ್ಟಿ, ಸಂಜೆ ಕಿಚ್ಚು ಹಾಯಿಸುತ್ತಾರೆ. ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಸುಮಾರಿಗೆ ಸೇರುವ ದನಗಳ ಜಾತ್ರೆಗೆ ದೂರದೂರದಿಂದ ಹಳ್ಳಿಕಾರ್ ಜೋಡಿಗಳು ಬರುತ್ತವೆ. ಸಂಕ್ರಾಂತಿಗೂ ಜನವರಿ 17ರ ಅಂತೋಣಿ ಹಬ್ಬಕ್ಕೂ ನಡುವೆ ಎರಡು ಮೂರೇ ದಿನ. ತಮಿಳುನಾಡಿನ ಅನೇಕ ಚರ್ಚುಗಳು ಪೊಂಗಲನ್ನು ತಮ್ಮ ಅಂಗಳಕ್ಕೇ ತಂದುಕೊಂಡಿವೆ. ಮತ ಬೇರೆಯಾದರೂ ವರ್ಷವಿಡೀ ದುಡಿದ ಪಶುವಿಗೆ ಒಂದು ದಿನದ ಮರ್ಯಾದೆ ಸಲ್ಲಬೇಕೆಂಬ ರೈತನ ಅರಿವು ಎಲ್ಲ ಕಡೆಗೂ ಒಂದೇ.

ಪಶುಪಾಲನೆಯ ವಿಷಯದಲ್ಲಿ ಈ ಜಿಲ್ಲೆಗೆ ದೊಡ್ಡ ಹಿನ್ನೆಲೆಯೇ ಇದೆ. ಒಡೆಯರ ಕಾಲದಲ್ಲಿ ಆರಂಭವಾಗಿ ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಗಣೆಗಾಗಿ ಬೆಳೆದ ಅಮೃತಮಹಲ್ ತಳಿಯ ಕಾವಲುಗಳು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿದ್ದವು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸಿದ ಕುಣಿಗಲ್ ಕುದುರೆ ಫಾರಂ 400 ಎಕರೆಗೂ ಹೆಚ್ಚು ಹುಲ್ಲುಗಾವಲಿನೊಂದಿಗೆ ನಮ್ಮ ಕಾಲದವರೆಗೂ ಉಳಿದು ಬಂತು. ಕಾವಲುಗಳು ಒತ್ತುವರಿಯಿಂದ ಕರಗಿವೆ. ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಎತ್ತಿನ ಜೋಡಿಗಳೂ ಕಡಿಮೆಯಾಗಿವೆ. ಪಶುವಿನ ಮೇಲಿನ ಹೊಣೆ ಅದರ ಮೇವಿನ ನೆಲದ ಮೇಲಿನ ಹೊಣೆಯೂ ಆಗುವುದು ಹೀಗೆ. ಹುಲ್ಲುಗಾವಲಿಲ್ಲದೆ ದನವಿಲ್ಲ, ಕೆರೆಯಿಲ್ಲದೆ ಹುಲ್ಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚರ್ಚುಗಳು ಪ್ರಾಣಿಯಿಂದ ಸೃಷ್ಟಿಯ ಕಡೆಗೆ ದೃಷ್ಟಿ ಅಗಲಿಸಿದ್ದಕ್ಕೆ ಒಂದು ಟೀಕೆಯೂ ಕಾರಣ. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಭೂಮಿಯ ಮೇಲೆ ಮನುಷ್ಯನಿಗೆ ದೊರೆತನ ಕೊಟ್ಟಿದೆ ಎಂಬ ಆದಿಕಾಂಡದ ಮಾತನ್ನು ಪಶ್ಚಿಮದ ಕ್ರೈಸ್ತರು ಸುಲಿಗೆಯ ಪರವಾನಗಿಯಾಗಿ ಓದಿಕೊಂಡರೆಂದು ಆಪಾದಿಸಿದರು. ಪರ್ಯಾಯವಾಗಿ ಸಂತ ಫ್ರಾನ್ಸಿಸನನ್ನು ಪರಿಸರವಾದಿಗಳ ಪಾಲಕ ಸಂತನನ್ನಾಗಿ ಮಾಡಬೇಕೆಂದರು. ಟೀಕೆಗೆ ಉತ್ತರಿಸಲು ಹೊರಟ ದೇವಶಾಸ್ತ್ರಜ್ಞರು ಅದೇ ಪುಸ್ತಕದ ಎರಡನೆಯ ಅಧ್ಯಾಯದತ್ತ ಬೊಟ್ಟುಮಾಡಿದರು. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸುವುದು ಅದನ್ನು ವ್ಯವಸಾಯ ಮಾಡಲು ಮತ್ತು ಕಾಯಲು. ಒಡೆತನ ದೇವರದು, ಮನುಷ್ಯ ಪಾರುಪತ್ಯಗಾರ ಎಂಬ ಓದು ಮುಂದೆ ಬಂತು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಫ್ರಾನ್ಸಿಸನನ್ನು ಪರಿಸರದ ಪಾಲಕ ಸಂತನೆಂದು ಘೋಷಿಸಿದರು.

1989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಪಿತೃಪ್ರಧಾನ ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕ್ಯಾಥೊಲಿಕರಿಗೂ ವಿಸ್ತರಿಸಿದರು. ಅದೇ ವರ್ಷ ಹೊರಬಂದ ಅವರ ‘ಲೌದಾತೊ ಸೀ’ ಎಂಬ ಪರಿಪತ್ರ ಹವಾಮಾನ, ನೀರು, ಜೀವವೈವಿಧ್ಯಗಳ ಪ್ರಶ್ನೆಯನ್ನು ಬಡವರ ಪ್ರಶ್ನೆಯೊಂದಿಗೆ ಸೇರಿಸಿ ನೋಡಿತು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಅವಧಿಯನ್ನು ಹಲವು ಸಭೆಗಳು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ಸಿ.ಎಸ್.ಐ. ಸಿನೊಡ್‌ನಲ್ಲಿ ಪರಿಸರಕ್ಕಾಗಿಯೇ ಒಂದು ವಿಭಾಗವಿದ್ದು, ಜೂನ್ 5ರ ವಿಶ್ವ ಪರಿಸರ ದಿನದ ಸುಮಾರಿಗೆ ಬರುವ ಒಂದು ಭಾನುವಾರ ಪರಿಸರ ಭಾನುವಾರವಾಗುತ್ತದೆ. ಸಭೆಯ ಶಾಲೆಗಳಲ್ಲಿ ನೀರು, ವಿದ್ಯುತ್ತು, ಕಸದ ಬಳಕೆಯನ್ನು ಮಕ್ಕಳ ಕೈಯಿಂದಲೇ ಲೆಕ್ಕ ಹಾಕಿಸುವ ಕಾರ್ಯಕ್ರಮವೂ ಇದೆ.

ತುಮಕೂರು, ಗುಬ್ಬಿ, ಕುಣಿಗಲ್‌ಗಳ ಮಟ್ಟಿಗೆ ಈ ದೊಡ್ಡ ಮಾತುಗಳೆಲ್ಲ ಒಂದು ಹೊಳೆಗೆ ಬಂದು ನಿಲ್ಲುತ್ತವೆ. ಶಿಂಷಾ ಹುಟ್ಟುವುದು ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮುಂದೆ ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಕಾಡಿಗೆ ಬೇಸಿಗೆಯಲ್ಲಿ ಬೀಳುವ ಬೆಂಕಿ, ಪಾತ್ರದಲ್ಲಿ ತೆಗೆಯುವ ಮರಳು, ಊರಿನಿಂದ ಹರಿದು ಬರುವ ಕೊಳಚೆ ಇವೆಲ್ಲ ಮೇಲಿನವರು ಮಾಡಿ ಕೆಳಗಿನವರು ಅನುಭವಿಸುವಂಥವು. ಪೇಟೆಯ ಕಸದ ತೊಟ್ಟಿಯಲ್ಲಿ ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಹಸು ಚೀಲವನ್ನೂ ನುಂಗುತ್ತದೆ. ಅದು ಮೊದಲ ಹೊಟ್ಟೆಯಲ್ಲೇ ಉಂಡೆಗಟ್ಟಿ ಉಳಿದು, ಮೇವು ಸೇರದೆ, ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಎರವಾಗಬಹುದು. ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆಯುವುದು ಪಶುವೈದ್ಯರಿಗೆ ಹೊಸತಲ್ಲ.

ಆಶೀರ್ವಾದಕ್ಕೂ ವೈದ್ಯಕ್ಕೂ ವಿರೋಧವಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಹಳ್ಳಿಗಳಲ್ಲಿ ಹರಡಿದಾಗ ದನಗಳನ್ನು ಉಳಿಸಿದ್ದು ಲಸಿಕೆ, ಬೇರೆ ಕಟ್ಟಿ ಆರೈಕೆ ಮಾಡುವ ಎಚ್ಚರ, ನೊಣ-ಉಣ್ಣೆಗಳ ಹತೋಟಿ. ಕಾಲುಬಾಯಿ ರೋಗದ ಲಸಿಕೆಯನ್ನು ಗೊತ್ತಾದ ಹೊತ್ತಿಗೆ ತಪ್ಪದೆ ಹಾಕಿಸಬೇಕು. ಪ್ರಾರ್ಥನೆ ಮಾಡಿಸಿದ್ದೇವೆಂದು ಲಸಿಕೆ ಬಿಟ್ಟರೆ ಅದು ಪ್ರಾರ್ಥನೆಯ ಅರ್ಥವನ್ನೇ ತಪ್ಪು ತಿಳಿದಂತೆ. ಹಾಗಾಗಿ ಪಶು ಆಸ್ಪತ್ರೆಯ ಶಿಬಿರ ಮತ್ತು ಆಶೀರ್ವಾದ ಒಂದೇ ಅಂಗಳದಲ್ಲಿ, ಒಂದೇ ದಿನ ನಡೆಯಲು ಅಡ್ಡಿಯೇನಿಲ್ಲ. ನೀತಿವಂತ ತನ್ನ ಪಶುವಿನ ಪ್ರಾಣದ ಕಡೆ ಲಕ್ಷ್ಯ ಇಡುತ್ತಾನೆಂಬುದು ಜ್ಞಾನೋಕ್ತಿಗಳ ಬೋಧನೆ. ಲಕ್ಷ್ಯ ಎಂದರೆ ಹೊತ್ತಿಗೆ ಸರಿಯಾದ ಮೇವು, ಶುದ್ಧ ನೀರು, ನೆರಳು, ಔಷಧ, ವಾರಕ್ಕೊಂದು ದಿನದ ಬಿಡುವು. ಚರ್ಚಿನ ಅಂಗಳದಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುವ ವಿಧಿ ಒಡೆಯನಿಂದ ಬೇಡುವುದು ಇಷ್ಟನ್ನು, ವರ್ಷದ ಉಳಿದೆಲ್ಲ ದಿನಗಳಲ್ಲಿ.